ಪುಸ್ತಕದ ಹುಡುಗನ ಮುಖ

ಹಳಿಯಾಳದ ಬಸ್ಸಿನ ಮೆಕ್ಯಾನಿಕ್ ಇಮಾಮ ಹುಬ್ಬಳ್ಳಿಯಲ್ಲಿ ಇಳಿದವನೇ ನಮ್ಮ ಪತ್ರಿಕೆಯ ಕಚೇರಿಯ ತನಕ ನಡೆದು ಬಂದ. ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು, ಎಣ್ಣೆ ಹತ್ತಿದ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತ, "ಮಾಸ್ತರ್ ಹೋದ್ರರೀ. ನಿನ್ನೆ ಮಣ್ಣ ಮಾಡಿದ್ವಿ" ಎಂದ. ಯಾವಾಗ, ಏನಾಗಿತ್ತು, ಹತ್ತಿರ ಯಾರಿದ್ದರು ಎಂದು ನಾನು ಕೇಳಿದೆ. ಎಲ್ಲ ಸಾವಿಗೂ ಕೇಳುವ ಪ್ರಶ್ನೆಗಳು ಅವು. ಎದೆಯಲ್ಲಿ ಕಫ ಕಟ್ಟಿತ್ತಂತೆ, ಹೆಂಡತಿ ಇದ್ದಳಂತೆ. ಇಮಾಮ ಹೊರಡುವಾಗ ತಿರುಗಿ, "ಪೇಪರಿನ್ಯಾಗ ಹಾಕ್ತೀರೇನ್ರೀ?" ಎಂದು ಕೇಳಿದ.

ಹಾಕಲಿಲ್ಲ. ಹಳಿಯಾಳದ ಪೇಟೆಯಲ್ಲಿ ಒಂದು ಹೊಲಿಗೆ ಯಂತ್ರ ನಿಂತುಹೋದರೆ ಅದು ಪತ್ರಿಕೆಯ ಸುದ್ದಿಯಾಗುವುದಿಲ್ಲ, ಮತ್ತು ಅದಕ್ಕಾಗಿ ಸಂಪಾದಕರೊಡನೆ ನಾನು ಜಗಳಾಡಲೂ ಇಲ್ಲ. ಹಳಿಯಾಳದಲ್ಲಿ ಬಾತ್ಮೀದಾರನಾಗಿದ್ದ ವರ್ಷಗಳಲ್ಲಿ ನಾನು ಕಂಡದ್ದನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ. ಮಾಸ್ತರರ ಹೆಸರು ಬೇಡ ಎಂದು ಅವರ ಹೆಂಡತಿ ಹೇಳಿದ್ದಾರೆ. ಊರಿಗೆ ಅವರು ಟೇಲರ್ ಮಾಸ್ತರ್; ನನಗೂ ಹಾಗೆಯೇ.

ಅಂಗಡಿ ಇದ್ದದ್ದು ಬಸಣ್ಣ ಸಾವಕಾರರ ಕಿರಾಣಿ ಅಂಗಡಿಯ ಮಗ್ಗುಲಲ್ಲಿ. ಒಂದು ಯಂತ್ರ, ಬಟ್ಟೆ ಕತ್ತರಿಸುವ ಒಂದು ಹಲಗೆ, ಬಂದವರು ಕೂರಲು ಗೋಡೆಗೆ ಒಂದು ಬಾಂಕು. ಮಾಸ್ತರ್ ತೆಳ್ಳಗಿನ ಮನುಷ್ಯ. ಕೊರಳಲ್ಲಿ ಸದಾ ಟೇಪು ಇರುತ್ತಿತ್ತು. ಮಸೀದಿಗೆ ಹೋಗುವಾಗಲೂ ತೆಗೆಯಲು ಮರೆತು, ದಾರಿಯಲ್ಲಿ ನೆನಪಾಗಿ ಜೇಬಿಗೆ ಸೇರಿಸುತ್ತಿದ್ದರು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದುದರಿಂದ ಅವರ ಮಾತೆಲ್ಲ ತುಟಿಯ ಒಂದು ಮೂಲೆಯಿಂದ ಬರುತ್ತಿತ್ತು. ಯಾರಾದರೂ ಬಂದರೆ ಮೊದಲು ಅವರ ಭುಜ ನೋಡುತ್ತಿದ್ದರು, ಆಮೇಲೆ ಮುಖ. "ಮಾರಿ ದಿನಕ್ಕೊಂದ ಥರಾ ಇರತೈತ್ರೀ. ಭುಜ ಹಂಗಲ್ಲ" ಎನ್ನುತ್ತಿದ್ದರು.

ಒಮ್ಮೆ ಬಸಣ್ಣ ಸಾವಕಾರರು ಮದುವೆಗೆ ಹೊರಟು ಹೊಸ ಕೋಟಿನಲ್ಲಿ ರಸ್ತೆಗೆ ಇಳಿದರು. ಮಾಸ್ತರ್ ಯಂತ್ರ ನಿಲ್ಲಿಸಿ ಅವರ ಬೆನ್ನನ್ನೇ ನೋಡಿ ಕೂಗಿದರು: "ಸಾವಕಾರ್ರ, ಅದು ನಿಮ್ಮ ತಮ್ಮನ ಬೆನ್ನು. ನಿಮ್ಮದನ್ನ ಎಲ್ಲಿಟ್ಟು ಬಂದ್ರಿ?" ಕೋಟು ನಿಜವಾಗಿ ತಮ್ಮನದೇ. ಸಾವಕಾರರು ಕೆಂಪಾದರು, ಆಮೇಲೆ ನಕ್ಕರು, ಆಮೇಲೆ ಕೋಟಿನ ಹಿಂಬದಿ ಬಿಚ್ಚಿಸಿ ಹೊಲಿಸಿಕೊಂಡೇ ಮದುವೆಗೆ ಹೋದರು.

ಮಧ್ಯಾಹ್ನದ ಊಟವಾದ ಮೇಲೆ ಅಂಗಡಿಯಲ್ಲಿ ಓದು ನಡೆಯುತ್ತಿತ್ತು. ನನ್ನ ಪತ್ರಿಕೆಯನ್ನು ಇಮಾಮ ಓದಿಸಿಕೊಳ್ಳುತ್ತಿದ್ದ, ಎರಡನೇ ಮಹಾಯುದ್ಧದ ಸುದ್ದಿಗಾಗಿ. ಅದು ಮುಗಿದ ಮೇಲೆ ಮಾಸ್ತರ್ ಯಂತ್ರದ ಖಾನೆಯಿಂದ ಒಂದು ಪುಸ್ತಕ ತೆಗೆಯುತ್ತಿದ್ದರು. ಹರೆಯಕ್ಕೆ ಕಾಲಿಡುವ ಹುಡುಗರಿಗಾಗಿ ಬರೆದ ಕಾದಂಬರಿ, ಮರಾಠಿಯಿಂದ ಕನ್ನಡಕ್ಕೆ ಬಂದದ್ದು. ಅಂಬಿಗನ ಮಗನ ಕತೆ. ತಂದೆ ಮಹಾಪೂರದಲ್ಲಿ ಕಾಣೆಯಾದ ಮೇಲೆ ಹುಡುಗ ಓದು ಬಿಟ್ಟು ದೋಣಿ ಹಿಡಿಯುತ್ತಾನೆ, ಊರವರನ್ನು ದಾಟಿಸುತ್ತಾನೆ, ಕೊನೆಗೆ ತಂದೆಯನ್ನು ಹುಡುಕಿಕೊಂಡು ಹೊಳೆಯ ಕೆಳಗಿನ ಊರುಗಳಿಗೆ ಹೊರಡುತ್ತಾನೆ. ಆಚೆ ದಂಡೆಯಲ್ಲಿ ನಡೆಯುತ್ತ ಅವನು ಸಣ್ಣವನಾಗುವುದನ್ನು ತಾಯಿ ನೋಡುತ್ತಾಳೆ, ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ಮಾಸ್ತರ್ ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದುತ್ತಿದ್ದರು. ಮುಗಿದರೆ ಮತ್ತೆ ಮೊದಲಿನಿಂದ.

"ಮಾಸ್ತರ್, ಈ ಹುಡಗ ಪ್ರತಿ ಸರ್ತಿ ಹೊಳಿ ದಾಟಿ ಹೋಗತಾನ. ಒಮ್ಮೆರ ತಿರಿಗಿ ಬರಬಾರದನ?" ಎಂದು ಇಮಾಮ ಕಾಡುತ್ತಿದ್ದ.

"ಪುಸ್ತಕ ಬರದಾಂವಗ ಕೇಳು."

"ನೀವ ಎರಡ ಸಾಲು ಕೂಡಿಸಿ ಓದ್ರಿ. ಯಾರಿಗೆ ತಿಳೀತೈತಿ?"

"ಅಂಗಿಗೆ ಮೂರನೇ ತೋಳ ಹಚ್ಚಿದ್ರ ಯಾರಿಗೆ ತಿಳೀತೈತಿ ಅಂದಂಗಾತು" ಎನ್ನುತ್ತಿದ್ದರು ಮಾಸ್ತರ್.

ಪುಸ್ತಕ ಅವರ ಮಗನದು ಎಂದು ನನಗೆ ಹೇಳಿದವರು ಬಸಣ್ಣ ಸಾವಕಾರರು. ಒಬ್ಬನೇ ಮಗ. ಶಾಲೆ ಮುಗಿಸಿ ಅಂಗಡಿಗೆ ಬರತೊಡಗಿದ್ದ. ತಂದೆ ಹೊಲಿಯುವಾಗ ಎದುರಿಗೆ ಕೂತು ಈ ಪುಸ್ತಕ ಓದಿ ಹೇಳುತ್ತಿದ್ದ. ಯುದ್ಧಕ್ಕೆ ಮುಂಚಿನ ಮಾತು. ದಾಂಡೇಲಿಯ ಕಟ್ಟಿಗೆ ಡಿಪೋದ ಗಾರ್ಡುಗಳ ಖಾಕಿ ಬಟ್ಟೆ ಮಾಸ್ತರರೇ ಹೊಲಿಯುತ್ತಿದ್ದರು. ಗಂಟು ಕಟ್ಟಿ ಮಗನ ಕೈಯಲ್ಲಿ ಕಳಿಸಿದರು. ಗಾರ್ಡುಗಳು ಮೌಳಂಗಿಯ ಹತ್ತಿರ ಹೊಳೆಯ ದಂಡೆಯಲ್ಲಿ ಬಿಡಾರ ಹೂಡಿದ್ದರಿಂದ ಹುಡುಗ ಅಲ್ಲಿಯ ತನಕ ಹೋಗಿ, ಒಂದು ರಾತ್ರಿ ಉಳಿದು ಬಂದ. ಬಂದು ಎರಡು ವಾರಕ್ಕೆ ಚಳಿಜ್ವರ ಹಿಡಿಯಿತು. ಆ ಕಾಡಿನ ಸೀಮೆಯಲ್ಲಿ ಅದು ಹೊಸತೇನಲ್ಲ, ಕ್ವಿನೈನ್ ಕೊಡಿಸಿದರು. ಆದರೆ ಈ ಸಲದ್ದು ಬೇರೆ ಜಾತಿಯ ಜ್ವರ, ತಲೆಗೆ ಏರುವಂಥದ್ದು. ಹುಡುಗ ಉಳಿಯಲಿಲ್ಲ.

ಈ ವಿಷಯವನ್ನು ನಾನಾಗಿ ಮಾಸ್ತರರಲ್ಲಿ ಎತ್ತಲಿಲ್ಲ. ಒಂದು ಮಳೆಯ ಮಧ್ಯಾಹ್ನ ಬೇರೆ ಯಾರೂ ಬಂದಿರಲಿಲ್ಲ. ಅದೇ ಪುಸ್ತಕ ಯಾಕೆ, ಧಾರವಾಡದಿಂದ ಬೇರೆ ತರಿಸಿಕೊಡಲೇ ಎಂದೆ. ಅವರು ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದರು. ಎದ್ದು ಮೇಲಿನ ಹಲಗೆಯಿಂದ ಒಂದು ಗಂಟು ಇಳಿಸಿ ಬಿಚ್ಚಿದರು. ಕತ್ತರಿಸಿಟ್ಟ ಕೋಟಿನ ತುಂಡುಗಳು: ಬೆನ್ನು, ತೋಳು, ಮುಂಬದಿ. ಸೀಮೆಸುಣ್ಣದ ಗೆರೆ ಇನ್ನೂ ಅಳಿಸಿರಲಿಲ್ಲ.

"ಈದ್‌ಗೆ ಕೋಟ ಹೊಲೀಬೇಕು, ಕೋಟ ಹಾಕ್ಕೊಂಡು ಹುಬ್ಬಳ್ಳಿಗೆ ಹೋಗಿ ಫೋಟೋ ತಗಸಬೇಕು ಅಂದಿದ್ದ. ಗಿರಾಕಿ ಅರಿವಿ ಮೊದಲು ಮುಗೀಲಿ ಅಂದ್ನಿ ನಾನು" ಎಂದರು. "ಫೋಟೋ ಇಲ್ರೀ ಅವಂದು. ಎದಿ ಎಷ್ಟು, ಭುಜ ಎಷ್ಟು, ತೋಳ ಎಷ್ಟು, ಈಗ ಕೇಳಿದ್ರೂ ಹೇಳತೇನಿ. ಮಾರಿ ಮಾತ್ರ ಬರವಲ್ದು. ನೆನಸಿದ್ರ ಬರೂದಿಲ್ಲ. ಗೋರಿ ಹತ್ರ ಹೋಗಿ ನಿಂತ್ರೂ ಬರೂದಿಲ್ಲ. ಈ ಪುಸ್ತಕ ತೆರದ್ರ ಬರತೈತಿ. ಎರಡನೇ ಪುಟಕ್ಕ ಆ ಹುಡಗ ದೋಣಿ ಹಗ್ಗ ಹಿಡಕೊಂಡು ಬರತಾನಲ್ಲ, ಅಂವ ನನ್ನ ಮಗನ. ಅಲ್ಲಿಂದ ಕಡೀ ತನಕ ಅಂವನ."

ಅವರು ಪಕ್ಕದ ಸಾವಕಾರರ ಅಂಗಡಿಗೆ ಹೋದಾಗ ನಾನು ಪುಸ್ತಕ ತಿರುವಿದೆ. ಹೇಳಿದ್ದನ್ನು ತಾಳೆ ನೋಡುವುದು ನನ್ನ ವೃತ್ತಿಯ ಚಾಳಿ. ಹುಡುಗನ ಅಂಗಿಯ ಬಣ್ಣವಿದೆ, ಕಾಲಿನ ಗಾಯವಿದೆ, ದನಿ ಒಡೆಯುತ್ತಿರುವುದಿದೆ. ಮುಖ ಹೇಗಿತ್ತೆಂದು ಕಾದಂಬರಿಕಾರ ಒಂದು ಕಡೆಯೂ ಬರೆದಿಲ್ಲ. ಮರೆತನೋ, ಬೇಕೆಂದೇ ಬಿಟ್ಟನೋ ತಿಳಿಯದು. ಆ ಖಾಲಿ ಜಾಗದಲ್ಲಿ ಮಾಸ್ತರರ ಮಗ ಇದ್ದ.

ಆ ಕಾದಂಬರಿ ಮರಾಠಿ ಬೋಲಪಟವಾಗಿ, ಮಾತಾಡುವ ಸಿನೆಮಾ ಆಗಿ ಬಂದಿದೆ ಎಂದು ಮೊದಲು ಸುದ್ದಿ ತಂದವನು ಇಮಾಮ. ಬೆಳಗಾವಿಯಲ್ಲಿ ನೋಡಿಯೇ ಬಂದಿದ್ದ. ಬೇಸಿಗೆಯ ಹೊತ್ತಿಗೆ ಟೂರಿಂಗ್ ಟಾಕೀಸಿನವರು ಹಳಿಯಾಳದ ಕೆರೆಯ ಬದಿಯ ಬಯಲಿನಲ್ಲಿ ಡೇರೆ ಹೊಡೆದು ಅದನ್ನೇ ಹಾಕಿದರು. ಪೇಟೆಯಲ್ಲಿ ಅರ್ಧ ಜನಕ್ಕೆ ಮರಾಠಿ ಬರುತ್ತದೆ. ಉಳಿದರ್ಧಕ್ಕೆ ಮಾಸ್ತರರ ಓದಿನಿಂದ ಕತೆ ಗೊತ್ತಿತ್ತು. ಡೇರೆ ತುಂಬಿತು.

ಮರುದಿನದಿಂದ ಅಂಗಡಿಯಲ್ಲಿ ವಾದ ಶುರುವಾಯಿತು.

"ಪುಸ್ತಕಕಿಂತ ಪಿಚ್ಚರ್ ಚಲೋ ಐತಿ" ಎಂದ ಇಮಾಮ. "ಹೊಳಿ ಅಂದ್ರ ಹೊಳಿ ಕಾಣತೈತಿ. ನೀವು ಒಂದ ತಾಸು ಓದತೀರಿ, ಅಲ್ಲಿ ಒಂದ ಸರ್ತಿ ನೀರ ಬಂತಂದ್ರ ಮುಂದಿನ ಸಾಲಿನವರು ಕಾಲ ಮ್ಯಾಲೆತ್ತಿದ್ರು."

"ಹುಡಗ ದೋಣಿ ಹುಟ್ಟ ಹಾಕೂದ ಬಿಟ್ಟು ಹಾಡಕೋತ ಕುಂತರ ದೋಣಿ ಹೆಂಗ ಹೋಗತೈತೋ?" ಎಂದರು ಬಸಣ್ಣ ಸಾವಕಾರರು.

"ಹಾಡ ಮುಗಿಯೂ ತನಕ ಹೊಳಿ ತಡೀತೈತ್ರೀ ಸಾವಕಾರ್ರ. ನಿಮ್ಮ ಗಿರಾಕಿ ತಡದಂಗ."

"ಮತ್ತ ಆ ದಂಡಿ ಮ್ಯಾಲಿನ ಹುಡಿಗಿ? ಪುಸ್ತಕದಾಗ ಆಕಿ ಎಲ್ಲಿದ್ಲು?"

"ಪುಸ್ತಕದಾಗ ಇರಲಿಲ್ಲ ಅಂತ ಪಾಪ ಆಕಿ ಹುಟ್ಟಬಾರದೇನು? ಕಡೀಕೆ ಅಪ್ಪ ಸಿಗತಾನ್ರೀ. ಮಾಸ್ತರ್, ಕೇಳ್ರಿ, ಅಪ್ಪ ಸಿಗತಾನ. ಹುಡಗ ಮನೀಗೆ ಬರತಾನ."

ಮಾಸ್ತರ್ ಯಂತ್ರ ತುಳಿಯುತ್ತಲೇ ಇದ್ದರು. "ಬರಲಿ" ಎಂದರು.

ಇಡೀ ಊರು ನೋಡಿತು, ಅವರು ನೋಡಲಿಲ್ಲ. ಊರಿಗೆ ಕತೆ ಹೇಳಿದವರೇ ಬರುವುದಿಲ್ಲ ಎಂದರೆ ಹೇಗೆ ಎಂದು ಇಮಾಮ ಜಗ್ಗಿದ; ಗರ್ವ ಎಂದು ಕೆಲವರು ಆಡಿಕೊಂಡರು. ಬಯಲಿನ ಕಡೆಯ ದಾರಿಯನ್ನೇ ಬಿಟ್ಟು ಅವರು ಕೋಟೆಯ ಕಡೆಯಿಂದ ಸುತ್ತು ಹಾಕಿ ಮನೆಗೆ ಹೋಗತೊಡಗಿದ್ದನ್ನು ನಾನು ಗಮನಿಸಿದೆ. ಡೇರೆಯ ಮುಂದೆ ಆ ಹುಡುಗ ನಟನ ದೊಡ್ಡ ಚಿತ್ರ ನಿಲ್ಲಿಸಿದ್ದರು.

ಆಟಗಳು ಮುಗಿಯಲು ಬಂದಾಗ ಒಂದು ಸಂಜೆ ಗಾಳಿ ಮಳೆ ಬಡಿಯಿತು. ಡೇರೆಯ ಒಂದು ಕಂಬ ಬಿದ್ದು ಚಿತ್ರ ಬೀಳುವ ಬಿಳಿ ಪಡದೆ ಹರಿಯಿತು. ಬೆಳಿಗ್ಗೆ ಡೇರೆಯ ಮಾಲೀಕ ಮಾಸ್ತರರ ಅಂಗಡಿಗೆ ಬಂದು ಕೈ ಮುಗಿದ. ಯುದ್ಧದ ಕಾಲ, ಗಿರಣಿ ಬಟ್ಟೆ ಚೀಟಿಯ ಮೇಲೆ ಸಿಗುತ್ತಿತ್ತು. ಅಷ್ಟಗಲದ ಬಿಳಿ ಬಟ್ಟೆ ಯಾವ ಪೇಟೆಯಲ್ಲೂ ಇರಲಿಲ್ಲ. "ಮಾಸ್ತರ್, ನೀವು ರಫೂ ಮಾಡಿದ್ರ ಇವತ್ತಿನ ಪಿಚ್ಚರಿನ ಖೇಳ ಆಗತೈತಿ. ಇಲ್ಲಾಂದ್ರ ನನ್ನ ಆಳು ಮಕ್ಕಳು ಉಪವಾಸ."

ಮಾಸ್ತರ್ ಯಂತ್ರದಲ್ಲಿದ್ದ ಅಂಗಿಯ ಹೊಲಿಗೆ ಮುಗಿಸಿ ದಾರ ಕತ್ತರಿಸಿದರು. ಆಮೇಲೆ, "ಅರಿವಿ ಹರದ್ರ ಹೊಲೀತೇನಿ. ಅದರ ಮ್ಯಾಲೆ ಏನ ತೋರಸ್ತೀರಿ, ಅದು ನಿಮ್ಮ ಕೆಲಸ" ಎಂದರು.

ಬಿರುಗಾಳಿಯ ಹಾನಿ ಬರೆಯಲು ನಾನು ಅಂದು ಬಯಲಿಗೆ ಹೋಗಿದ್ದೆ. ಹುಣಸೆ ಮರದ ಕೆಳಗೆ ಚಾಪೆ ಹಾಸಿ, ಪಡದೆಯನ್ನು ಅದರ ಮೇಲೆ ಹರಡಿ ಮಾಸ್ತರ್ ಕೂತಿದ್ದರು. ಹರಿದದ್ದು ಮೇಲಿನಿಂದ ಓರೆಯಾಗಿ ಕೆಳಗಿಳಿದಿತ್ತು. ತೇಪೆ ಹಾಕಿದರೆ ನೆರಳು ಬೀಳುತ್ತದೆ ಎಂದು ಪಡದೆಯದೇ ಅಂಚಿನಿಂದ ಎಳೆ ಬಿಡಿಸಿಕೊಂಡು ಕೈಯಿಂದ ನೇಯ್ದ ಹಾಗೆ ಹೊಲಿಯುತ್ತಿದ್ದರು. ಊಟಕ್ಕೂ ಏಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಕೆಲಸ ಮುಗಿಯಿತು. ಪಡದೆ ಕಟ್ಟಿದರು, ಇಂಜಿನ್ ಶುರು ಮಾಡಿದರು. ಮಾಸ್ತರ್ ಸೂಜಿ, ಕತ್ತರಿ ಗಂಟು ಕಟ್ಟಿಕೊಂಡು ಹೊರಟೇಬಿಟ್ಟಿದ್ದರು.

"ಮಾಸ್ತರ್, ರಫೂ ಕಾಣತೈತೇನ ಒಮ್ಮೆ ನೋಡ್ರಿ" ಎಂದು ಮಾಲೀಕ ಹಿಂದಿನಿಂದ ಕೂಗಿದ.

ದಿನವಿಡೀ ಕಣ್ಣು ಸೋಲಿಸಿದ ಕೆಲಸ. ಯಾವ ಟೇಲರನೂ ಆ ಮಾತಿಗೆ ತಿರುಗದೆ ಹೋಗಲಾರ. ಮಾಸ್ತರ್ ತಿರುಗಿದರು. ಪಡದೆಯ ಹತ್ತಿರ ಬಂದು, ಹೊಲಿಗೆ ಸೆಳೆಯುತ್ತಿದೆಯೇ ಎಂದು ಅಂಗೈಯಿಂದ ಸವರಿ, ದೂರದಿಂದ ನೋಡಲು ಹಿಂದಕ್ಕೆ ಸರಿದರು. ಪರೀಕ್ಷೆಗೆಂದು ಚಿತ್ರ ಹಾಕಿದರು, ಬೆಳಕು ಬಿತ್ತು. ಪಡದೆಯ ತುಂಬ ಆ ಹುಡುಗನ ಮುಖ ಬಂತು. ಹೊಲಿಗೆ ಅವನ ಹಣೆಯಿಂದ ಕೆನ್ನೆಗೆ ಹಾದು ಹೋಗಿತ್ತು. ಅದನ್ನು ಹುಡುಕಲು ಮಾಸ್ತರ್ ಆ ಮುಖವನ್ನು ಇಂಚಿಂಚಾಗಿ ನೋಡಬೇಕಾಯಿತು.

"ಕಾಣತೈತೇನ್ರಿ?" ಎಂದ ಮಾಲೀಕ.

"ಇಲ್ಲ" ಎಂದರು ಮಾಸ್ತರ್. ಟಾಕೀಸಿನವರು ಚಿತ್ರ ನಿಲ್ಲಿಸಿ ಬೆಳಕು ಆರಿಸುವ ತನಕ ಅಲ್ಲೇ ನಿಂತಿದ್ದರು. ಹಣ ತೆಗೆದುಕೊಳ್ಳದೆ ಹೋದರು.

ಅಂಗಡಿಯಲ್ಲಿ ಓದು ನಿಂತಿತು. ಮೊದಲು ಸೆಖೆ ಎಂದರು, ಆಮೇಲೆ ಕಣ್ಣು ಎಂದರು. ಡೇರೆ ಕಿತ್ತುಕೊಂಡು ಹೋಗಿ ಮಳೆ ಹಿಡಿದ ಮೇಲೆ, ಒಂದು ದಿನ ಇಮಾಮ ಮತ್ತು ಸಾವಕಾರರು ಎದ್ದು ಹೋಗುವುದನ್ನು ಕಾದಿದ್ದು ನನಗೆ ಹೇಳಿದರು.

"ಪಿಚ್ಚರ್ ಕೆಟ್ಟಿಲ್ರೀ. ಆ ಹುಡಗ ಭಾಳ ಚಂದ ಮಾಡ್ಯಾನ. ಕಣ್ಣಾಗ ನೀರ ತಂದಿದ್ದ, ಅದು ಖರೇನ ನೀರು. ಕೆಟ್ಟ ಮಾಡಿದ್ರ ಮರತ ಬಿಡತಿದ್ನಿ." ಯಂತ್ರದ ಖಾನೆ ಎಳೆದು ಮತ್ತೆ ಮುಚ್ಚಿ, "ಎರಡನೇ ಪುಟಕ್ಕ ಈಗ ಅಂವ ಬರತಾನ. ನನ್ನವ ಬರವಲ್ಲ" ಎಂದರು.

ಸಮಾಧಾನದ ಮಾತು ನನಗೆ ಬರುವುದಿಲ್ಲ. ನನಗೆ ಬರುವ ಕೆಲಸ ಮಾಡಿದೆ. ಚಿತ್ರವನ್ನು ಎರಡು ಸಲ ನೋಡಿದ್ದೆ. ಪುಸ್ತಕ ಇಸಿದುಕೊಂಡು ಹೋಗಿ, ಯಾವ ಅಧ್ಯಾಯ ಪಡದೆಗೆ ಬಂದಿದೆ, ಯಾವುದು ಬಂದಿಲ್ಲ ಎಂದು ಕೂತು ನೋಡಿದೆ. ಹುಡುಗ ಸಂತೆಗೆ ಹೋಗಿ ದಾರಿ ತಪ್ಪುವ ಒಂದು ಅಧ್ಯಾಯವಿದೆ. ಅಲ್ಲಿ ಏನೂ ಆಗುವುದಿಲ್ಲ. ಅವನು ಅಂಗಡಿ ನೋಡುತ್ತಾನೆ, ಯಾರೋ ಮಂಡಕ್ಕಿ ಕೊಡುತ್ತಾರೆ, ತಿನ್ನುತ್ತಾನೆ, ದಾರಿ ಸಿಗುತ್ತದೆ. ಚಿತ್ರದವರು ಅದನ್ನು ಪೂರ್ತಿ ಬಿಟ್ಟಿದ್ದರು. ಮಾಸ್ತರರಿಗೆ ಅದನ್ನು ತೋರಿಸಿ, "ಇಲ್ಲಿಗೆ ಆ ನಟ ಬಂದಿಲ್ಲರೀ" ಎಂದೆ.

ಎರಡು ದಿನ ಬಿಟ್ಟು ಹೋದಾಗ ಅವರು ತಲೆ ಎತ್ತಿ ನನ್ನ ಭುಜ ನೋಡಲಿಲ್ಲ, ಮುಖವನ್ನೇ ನೋಡಿದರು. "ಸಿಕ್ಕಾನ್ರೀ" ಎಂದರು. "ಮಂಡಕ್ಕಿ ತಿನ್ನಾಕತ್ತಿದ್ದ."

ಆ ಮಳೆಗಾಲ ಅವರು ಆ ಒಂದು ಅಧ್ಯಾಯವನ್ನೇ ಓದಿದರು. ಜೋರಾಗಿ ಅಲ್ಲ, ತುಟಿಯಲ್ಲೇ. ಆದರೆ ಸಂತೆಗೆ ಬರುವ ಹುಡುಗ ದೋಣಿ ನಡೆಸಿದ ಹುಡುಗನೇ ತಾನೆ. ಚಳಿಗಾಲ ಶುರುವಾಗುವಾಗ ಒಂದು ಬೆಳಿಗ್ಗೆ ನಾನು ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ, "ಆ ಪಿಚ್ಚರಿನಂವ ಸಂತಿಗೂ ಬಂದಾನ್ರೀ" ಎಂದರು. ಅಷ್ಟೇ ಹೇಳಿ ಯಂತ್ರ ತುಳಿದರು.

ಅವರ ಹೆಂಡತಿಯ ವಿಷಯ ಈಗ ಹೇಳಬೇಕು. ಮುಂಡಗೋಡ ಕಡೆಯ ಚಿಗಳ್ಳಿಯವರು, ಓದು ಬಾರದು. ಅಂಗಡಿಯ ಬಟ್ಟೆಗೆಲ್ಲ ಕಾಜಾ ಹೊಲಿದು ಗುಂಡಿ ಹಚ್ಚುವುದು ಅವರ ಕೆಲಸ. ಮಗ ಸತ್ತ ಮೇಲೆ ಆ ಪುಸ್ತಕ ಮನೆಗೆ ಬರಕೂಡದು ಎಂದಿದ್ದರಂತೆ. ಹಾಗಾಗಿಯೇ ಅದು ಯಂತ್ರದ ಖಾನೆಯಲ್ಲಿ ಇರುತ್ತಿತ್ತು. ಡೇರೆಯ ಕಡೆಗೆ ಅವರು ಕಾಲೇ ಇಟ್ಟಿರಲಿಲ್ಲ; ಆ ನಟನ ಮುಖ ಅವರಿಗೆ ಗೊತ್ತಿರಲಿಲ್ಲ. ಮಾಸ್ತರ್ ಒಂದು ದಿನ ಪುಸ್ತಕ ಹಿಡಿದು ಮನೆಗೆ ಹೋದರು. ಏನು ಹೇಳಿಕೊಂಡರೋ, ಅವರು ಹೇಗೆ ಒಪ್ಪಿದರೋ ನನಗೆ ಗೊತ್ತಿಲ್ಲ.

ಒಂದು ಶುಕ್ರವಾರ ನನ್ನ ಅಂಗಿ ತರಲು ಮನೆಗೇ ಹೋಗಿದ್ದೆ. ಮಾಸ್ತರ್ ಪಡಸಾಲೆಯಲ್ಲಿ ಓದುತ್ತಿದ್ದರು. ಒಳಬಾಗಿಲ ಹೊಸ್ತಿಲಲ್ಲಿ ಅವರ ಹೆಂಡತಿ ಸೆರಗು ತಲೆಗೆ ಹೊದ್ದು ಕಾಜಾ ಹೊಲಿಯುತ್ತಿದ್ದರು. ಹುಡುಗ ಮಳೆಯಲ್ಲಿ ದೋಣಿಯ ಕಡೆ ಓಡುತ್ತಾನೆ ಎಂದು ಓದಿದಾಗ, "ಅಷ್ಟ ಜೋರ ಓಡೂದಿಲ್ಲ ಅಂವ. ಹಗೂರ ಓದ್ರಿ" ಎಂದರು ಅವರು.

ಮಾಸ್ತರ್ ಬೆರಳನ್ನು ಸಾಲಿನ ಮೇಲೆ ಇಟ್ಟೇ ನಿಲ್ಲಿಸಿದರು. "ಈಗ ಹೆಂಗ ಕಾಣತಾನ?" ಎಂದು ಕೇಳಿದರು.

ಹೆಂಡತಿ ಹೇಳಿದರು. ಸೂಜಿಯಿಂದ ಕಣ್ಣೆತ್ತದೆ, ತಮ್ಮ ಮನೆಮಾತಿನಲ್ಲಿ, ಎದುರಿಗೆ ನಿಂತವನನ್ನು ನೋಡಿ ಹೇಳಿದಷ್ಟು ಸಲೀಸಾಗಿ. ಮಾಸ್ತರ್ ಕಣ್ಣು ಮುಚ್ಚಿ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದರು. ಆಮೇಲೆ ಮುಂದಿನ ಸಾಲು ಓದಿದರು. ನಾನು ಅಂಗಿ ಕೇಳದೆ ಹಿಂದಿರುಗಿದೆ.

ಆಮೇಲೆ ನನ್ನನ್ನು ಹುಬ್ಬಳ್ಳಿಯ ಕಚೇರಿಗೆ ಕರೆಸಿಕೊಂಡರು. ಇಮಾಮ ಬಂದು ಸುದ್ದಿ ಹೇಳಿದ ಮೇಲೆ, ರಜೆ ಸಿಕ್ಕಾಗ ಹಳಿಯಾಳಕ್ಕೆ ಹೋದೆ. ದಾರಿಯಲ್ಲಿ ಇಮಾಮ, ಟಾಕೀಸಿನವರು ಮತ್ತೆ ಬಂದಿದ್ದಾರೆ, ಜನ ಕೇಳಿದರೆಂದು ಅದೇ ಚಿತ್ರ ಹಾಕಿದ್ದಾರೆ, ಓಣಿಯ ಹೆಂಗಸರೆಲ್ಲ ಹೊರಟಿದ್ದಾರೆ ಎಂದ.

ಮನೆಯಲ್ಲಿ ಯಂತ್ರಕ್ಕೆ ಬಟ್ಟೆ ಹೊದಿಸಿದ್ದರು. ಮಾಸ್ತರರ ಹೆಂಡತಿ ಅದೇ ಹೊಸ್ತಿಲಲ್ಲಿ ಕೂತಿದ್ದರು. ಬೇರೆ ಟೇಲರರ ಬಟ್ಟೆ ತರಿಸಿಕೊಂಡು ಕಾಜಾ ಹೊಲಿಯುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ, "ಭಾಯಿ, ಪುಸ್ತಕ ಗ್ವಾಡಿ ಮಾಡದಾಗೈತಿ. ಟೈಮ್ ಇದ್ರ ಒಂಚೂರ ಓದ್ರಿ" ಎಂದರು. ಗೋಡೆಯ ಗೂಡಿನಿಂದ ತೆಗೆದುಕೊಂಡೆ. ಅಂಚುಗಳಲ್ಲಿ ಸೀಮೆಸುಣ್ಣದ ಬೆರಳಿನ ಗುರುತುಗಳಿದ್ದವು.

"ಓಣ್ಯಾಗಿನವರು ಪಿಚ್ಚರಿಗೆ ಕರದ್ರೇನ್ರೀ ಭಾಬಿ?" ಎಂದೆ.

"ಕರದ್ರು. ಹೋಗಬಾರದಂತೇನಿಲ್ಲ. ಚಲೋ ಐತಿ ಅಂತ ಅವರೂ ಹೇಳತಿದ್ರು." ದಾರ ಹಲ್ಲಿನಿಂದ ಕಡಿದರು. "ಮೊದಲ ಇಬ್ಬರ ಕಡೆ ಇದ್ದ ಅಂವ. ಆಮ್ಯಾಲೆ ನನ್ನ ಕಡೆ ಇಸಕೊಂಡು ಅವರು ನೋಡತಿದ್ರು. ಈಗ ನಾ ಒಬ್ಬಾಕಿನ ಅದೇನಿ. ನಾನೂ ಹೋಗಿ ನೋಡಿದ್ರ ಅಂವ ಎಲ್ಲಿ ಇರಬೇಕು?"

ನನಗೆ ಒಂದು ಯೋಚನೆ ಬಂತು. ಕಾಣೆಯಾದವರ ಪ್ರಕಟಣೆಗಳನ್ನು ನಾನು ಎಷ್ಟೋ ಬರೆದಿದ್ದೇನೆ: ಬಣ್ಣ, ಹಣೆ, ಮೂಗು, ಗುರುತಿನ ಮಚ್ಚೆ. ನೀವು ಹೇಳಿ, ನಾನು ಬರೆದಿಡುತ್ತೇನೆ, ಬರೆದರೆ ಉಳಿಯುತ್ತದೆ ಎಂದೆ. ಪೆನ್ಸಿಲ್ ತೆಗೆದೆ. ಅವರು ಹೇಳತೊಡಗಿದರು. ಎರಡು ಮಾತು ಹೇಳಿ ನಿಲ್ಲಿಸಿದರು.

"ಬ್ಯಾಡ ಭಾಯಿ. ನೀವು ಬರೀತೀರಿ, ಓದಿದವರು ಒಬ್ಬೊಬ್ಬರು ಒಂದೊಂದ ಮಾರಿ ಮಾಡ್ಕೋತಾರ. ಅವರ್ಯಾರೂ ಅಂವ ಅಲ್ಲ."

ಬರೆದಿದ್ದ ಎರಡು ಮಾತನ್ನು ಹೊಡೆದು ಹಾಕಿದೆ. ಅವು ಇಲ್ಲಿಲ್ಲ.

ಪುಸ್ತಕ ತೆರೆದೆ. ಚಿತ್ರವನ್ನು ಎರಡು ಸಲ ನೋಡಿದ ನನಗೆ ಎರಡನೇ ಪುಟದಲ್ಲಿ ಬಂದವನು ಆ ನಟನೇ. ಅದನ್ನು ಅವರಿಗೆ ಹೇಳಲಿಲ್ಲ. ಮಾಸ್ತರ್ ಓದುತ್ತಿದ್ದ ಹಾಗೆ ಬೆರಳಿಟ್ಟು ಓದಿದೆ. ಹುಡುಗ ಹಗ್ಗ ಹಿಡಿದು ಹೊಳೆಯ ಕಡೆಗೆ ಬಂದ. ಅವರ ಸೂಜಿ ಬಟ್ಟೆಯಲ್ಲಿ ನಿಂತಿತು.

"ತಡೀರಿ" ಎಂದರು. ಎದುರಿನ ಗೋಡೆಯ ಕಡೆ ನೋಡುತ್ತಿದ್ದರು. ನಾನು ತಡೆದೆ. ಹೊರಗೆ ರಸ್ತೆಯಲ್ಲಿ ಟಾಕೀಸಿನವರ ಚಕ್ಕಡಿ ಡೋಲು ಬಾರಿಸುತ್ತ, ಸಂಜೆಯ ಆಟದ ಹೆಸರು ಕೂಗುತ್ತ ಹೋಯಿತು. ಅದರ ಸದ್ದು ಓಣಿ ದಾಟುವ ತನಕ ಅವರು ಹಾಗೆಯೇ ಇದ್ದರು.

"ಹೂಂ, ಬಂದ" ಎಂದರು. "ಈಗ ಓದ್ರಿ."